ಚಂದ್ರದ್ರೋಣ ಪರ್ವತವೂ ನಮ್ಮ ಹೊಲದ ಮಣ್ಣೂ

ಕಡೂರು, ಬೀರೂರು, ತರೀಕೆರೆಗಳ ಮಾರ್ಗವಾಗಿ ರೈಲಿನಲ್ಲಿ ಪ್ರಯಾಣ ಮಾಡುವವರಿಗೆ ಪಶ್ಚಿಮದ ಕಡೆ ನೀಲಿ ಗೋಡೆಯಂತೆ ನಿಂತ ಬೆಟ್ಟಸಾಲು ಬಹು ದೂರದವರೆಗೆ ಜೊತೆಗೂಡುತ್ತದೆ. ಅದೇ ಚಂದ್ರದ್ರೋಣ ಪರ್ವತ. ಬಾಬಾಬುಡನ್‌ಗಿರಿ ಶ್ರೇಣಿಯೆಂದೂ ಅದಕ್ಕೆ ಹೆಸರು. ಈ ಶ್ರೇಣಿಯ ಮುಳ್ಳಯ್ಯನಗಿರಿಯು ೧೯೩೦ ಮೀಟರ್ ಎತ್ತರವಿದ್ದು ಕರ್ನಾಟಕದಲ್ಲಿಯೇ ಅತ್ಯುನ್ನತ ಶಿಖರವೆನಿಸಿದೆ. ಅದರ ನೆತ್ತಿಯ ಮೇಲಿರುವ ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ನಮ್ಮ ಎಷ್ಟೋ ಮನೆತನಗಳು ತಲೆಮಾರುಗಳಿಂದ ನಡೆದುಕೊಳ್ಳುತ್ತ ಬಂದಿವೆ. ಶಿಖರದಿಂದ ಕಡೂರಿನ ಬಯಲಿಗೆ ಒಂದು ಸಾವಿರ ಮೀಟರಿಗೂ ಮಿಗಿಲಾದ ಇಳಿತ. ಆ ಬೆಟ್ಟ ಅಲ್ಲೇಕೆ ಎದ್ದು ನಿಂತಿತು, ಈ ಬಯಲು ಇಲ್ಲೇಕೆ ಚಪ್ಪಟೆಯಾಯಿತು ಎಂಬ ಪ್ರಶ್ನೆ ಸಾಮಾನ್ಯವಾಗಿ ನಮ್ಮಲ್ಲಿ ಏಳುವುದಿಲ್ಲ. ಹಿರಿಯರು ಬೆಟ್ಟವನ್ನು ‘ಅಚಲ’ವೆಂದು ಕರೆದರು. ಆದರೆ ಭೂವಿಜ್ಞಾನದ ಕಣ್ಣಿಗೆ ಅಚಲವೆಂಬುದು ಯಾವುದೂ ಇಲ್ಲ. ಈ ಬೆಟ್ಟದ ಚರಿತ್ರೆಯನ್ನು ಅರಿಯುವುದೆಂದರೆ ನಮ್ಮ ಹೊಲದ ಮಣ್ಣಿನ, ಕೆರೆಯ ನೀರಿನ ಚರಿತ್ರೆಯನ್ನು ಅರಿಯುವುದೇ ಆಗಿದೆ.

ಅಡಿಪಾಯದ ಕಲ್ಲು

ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಬಾವಿ ತೋಡುವಾಗ ಮಣ್ಣಿನ ಕೆಳಗೆ ಅನೇಕ ಕಡೆ ಸಿಗುವುದು ಬೂದುಬಣ್ಣದ, ಬಿಳಿಯ ಪಟ್ಟೆಗಳುಳ್ಳ ಗಟ್ಟಿ ಕಲ್ಲು. ಇದನ್ನು ನೈಸ್ ಶಿಲೆ ಎನ್ನುತ್ತಾರೆ. ಇದರ ವಯಸ್ಸು ೩೦೦ ಕೋಟಿ ವರ್ಷಗಳಿಗೂ ಹೆಚ್ಚು. ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ಅಡಿಪಾಯ.

ಈ ಅಡಿಪಾಯದ ಮೇಲೆ ಚಂದ್ರದ್ರೋಣದ ಶಿಲೆಗಳು ಪದರಪದರವಾಗಿ ಕೂತಿವೆ. ಇಂತಹ ಶಿಲಾಸಮೂಹಕ್ಕೆ ೧೮೮೦ರ ದಶಕದಲ್ಲಿ ‘ಧಾರವಾಡ’ದ ಹೆಸರನ್ನಿಟ್ಟವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. ಮುಂದೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯವರು ಈ ಬೆಟ್ಟಗಳನ್ನು ಅಡಿಯಡಿಯಾಗಿ ಪರಿಶೀಲಿಸಿದರು. ಪಿಚ್ಚಮುತ್ತು ಅವರು ೧೯೩೦ರ ದಶಕದಲ್ಲಿ ಇಲ್ಲಿಯ ಕಬ್ಬಿಣದ ಶಿಲೆಗಳನ್ನು ಕುರಿತು ಬರೆದರು. ಬಿ.ಪಿ. ರಾಧಾಕೃಷ್ಣ ಅವರು ೧೯೫೨ರಲ್ಲಿ ಮೈಸೂರು ಪ್ರಸ್ಥಭೂಮಿಯ ರೂಪುಗೊಳ್ಳುವಿಕೆಯನ್ನೇ ವಿಷಯವಾಗಿಸಿಕೊಂಡು ಅಧ್ಯಯನವೊಂದನ್ನು ಪ್ರಕಟಿಸಿದರು. ನಮ್ಮ ಸೀಮೆಯ ಹಳ್ಳಿಗಳ ಹೆಸರುಗಳು ಇಂದು ವಿಜ್ಞಾನದ ಗ್ರಂಥಗಳಲ್ಲಿ ಶಿಲಾಪದರಗಳ ಹೆಸರುಗಳಾಗಿ ನಿಂತಿವೆ. ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂಬ ನಾಲ್ಕು ಪದರಗಳು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಇವೆ.

ಸಮುದ್ರವಿದ್ದ ಕಾಲ

ಎಲ್ಲಕ್ಕಿಂತ ಕೆಳಗಿನ ಪದರವು ಚಿಕ್ಕಮಗಳೂರಿನ ಬಳಿಯ ಕರ್ತಿಕೆರೆಯಲ್ಲಿ ಕಾಣಸಿಗುತ್ತದೆ. ಹೊಳೆಯ ದಂಡೆಯಲ್ಲಿ ದೊರೆಯುವಂಥ ನುಣುಪಾದ ಬೆಣಚುಕಲ್ಲಿನ ಹರಳುಗಳು ಅಲ್ಲಿ ಒಂದಕ್ಕೊಂದು ಬೆಸೆದು ಬಂಡೆಯಾಗಿವೆ. ತರೀಕೆರೆ ಸೀಮೆಯ ಕಲ್ದುರ್ಗದ ಬಳಿಯಲ್ಲಿಯೂ ಇದೇ ಜಾತಿಯ, ದೊಡ್ಡ ದೊಡ್ಡ ಉಂಡೆಕಲ್ಲುಗಳ ಶಿಲೆಯಿದೆ. ನೀರಿನಲ್ಲಿ ಉರುಳದೆ ಕಲ್ಲು ಉಂಡೆಯಾಗುವುದಿಲ್ಲ. ಆದುದರಿಂದ ಇಂದಿನ ಬೆಟ್ಟಗಳು ಹುಟ್ಟುವುದಕ್ಕೂ ಮೊದಲು ಇಲ್ಲಿ ಬೇರೆ ಎತ್ತರದ ನೆಲಗಳಿದ್ದವು, ಮಳೆ ಹೊಳೆಗಳು ಅವನ್ನು ಸವೆಸಿ ಹಾಕಿದ್ದವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸುಮಾರು ೨೯೦ ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಲಾವಾರಸ ಹರಿಯಿತು. ಅದರ ನಡುನಡುವೆ ಮರಳು ಶೇಖರವಾಯಿತು. ಅಲೆಗಳು ಆ ಮರಳಿನ ಮೇಲೆ ಮೂಡಿಸಿದ ಗೆರೆಗಳು ಕಲ್ಲಾಗಿ ಇಂದಿಗೂ ಉಳಿದಿವೆ. ಕೊನೆಗೆ ನೆಲ ಕುಸಿದು ಸಮುದ್ರ ಆವರಿಸಿತು. ಆಗಿನ ವಾಯುಮಂಡಲದಲ್ಲಿ ಆಮ್ಲಜನಕವು ಅತ್ಯಲ್ಪವಾಗಿದ್ದುದರಿಂದ ಕಬ್ಬಿಣದ ಅಂಶವು ಸಮುದ್ರದ ನೀರಿನಲ್ಲಿಯೇ ಕರಗಿಕೊಂಡಿತ್ತು. ಅದು ಕ್ರಮೇಣ ತಳಕ್ಕಿಳಿದು, ಮರಳಿನ ಸತ್ವವಾದ ಸಿಲಿಕದೊಡನೆ ಒಂದು ಕೆಂಪು, ಒಂದು ಬಿಳಿ ಎಂಬಂತೆ ತೆಳುಪಟ್ಟೆಗಳಾಗಿ ನಿಂತಿತು. ಈ ಪಟ್ಟೆಕಲ್ಲಿನ ನಡುವೆ ಸಿಕ್ಕ ಜ್ವಾಲಾಮುಖಿಯ ಬೂದಿಯನ್ನು ಪರೀಕ್ಷಿಸಿ, ಅದರ ವಯಸ್ಸು ಸುಮಾರು ೨೭೨ ಕೋಟಿ ವರ್ಷವೆಂದು ೧೯೯೭ರಲ್ಲಿ ವಿಜ್ಞಾನಿಗಳು ನಿರ್ಧರಿಸಿದರು. ಮುಳ್ಳಯ್ಯನ ಗದ್ದುಗೆಯ ಮೆಟ್ಟಿಲುಗಳನ್ನು ಹತ್ತುವ ಭಕ್ತನು ಒಂದು ಕಾಲದ ಕಡಲ ತಳದ ಮೇಲೆ ಕಾಲಿಡುತ್ತಿದ್ದಾನೆಂದರೆ ಅತಿಶಯೋಕ್ತಿಯಲ್ಲ.

ತಗ್ಗು ಶಿಖರವಾದ ಬಗೆ

ಆಮೇಲೆ ಭೂಮಿಯ ಒಳಗಿನ ಒತ್ತಡದಿಂದ ಈ ಪದರಗಳೆಲ್ಲ ಮಡಚಿಕೊಂಡವು. ‘ದ್ರೋಣ’ ಎಂಬ ಮಾತಿಗೆ ದೊನ್ನೆ ಎಂಬ ಅರ್ಥವೂ ಇದೆ. ಎಲೆಯನ್ನು ಬಾಗಿಸಿ ದೊನ್ನೆ ಮಾಡಿದಂತೆ ಪದರಗಳು ನಡುವೆ ತಗ್ಗಾಗಿ, ಅಂಚಿನಲ್ಲಿ ಮೇಲೆದ್ದವು. ಬಳಿಕ ಕೋಟಿ ಕೋಟಿ ವರ್ಷಗಳ ಕಾಲ ಮಳೆ, ಗಾಳಿ, ಬಿಸಿಲುಗಳು ಅದನ್ನು ಕೆತ್ತಿದವು. ಮೆತ್ತನೆಯ ಕಲ್ಲು ಬೇಗ ಸವೆಯಿತು. ಕಬ್ಬಿಣದ ಪಟ್ಟೆಕಲ್ಲು ಸವೆಯದೆ ಉಳಿಯಿತು. ಸುತ್ತಲಿನ ನೆಲವೆಲ್ಲ ತಗ್ಗಿದಾಗ, ಒಮ್ಮೆ ತಳದಲ್ಲಿದ್ದ ಗಟ್ಟಿ ಪದರವೇ ಎತ್ತರದ ಅಂಚಾಗಿ ನಿಂತಿತು. ಹೀಗೆ ಈ ಬೆಟ್ಟ ಎತ್ತರವಾಗಿರುವುದಕ್ಕೆ ಅದನ್ನು ಯಾರೋ ಮೇಲೆತ್ತಿದ್ದಷ್ಟೇ ಕಾರಣವಲ್ಲ, ಸುತ್ತಲಿನದು ಸವೆದು ಹೋದದ್ದೂ ಕಾರಣ.

ಬಾಗಿದ ಚಂದ್ರನಂತಿರುವ ಈ ಶ್ರೇಣಿಯ ಒಳಗಡೆ ಜಾಗರ ಕಣಿವೆಯಿದೆ. ಅಲ್ಲಿಯ ಸೋಮವಾಹಿನಿಯು ಭದ್ರೆಯನ್ನು ಸೇರುತ್ತದೆ. ಶ್ರೇಣಿಯ ಅಂಚಿನಿಂದ ನೀರು ಧುಮುಕುವಲ್ಲಿ ಹೆಬ್ಬೆ, ಕಲ್ಲತ್ತಿಗಿರಿಗಳ ಜಲಪಾತಗಳು ಉಂಟಾಗಿವೆ. ಕಲ್ಲತ್ತಿಗಿರಿಯ ವೀರಭದ್ರಸ್ವಾಮಿಯ ಸನ್ನಿಧಿಯಲ್ಲಿ ಬಂಡೆಯ ಮೇಲಿಂದ ಇಳಿಯುವ ನೀರನ್ನು ತಲೆಯ ಮೇಲೆ ಪ್ರೋಕ್ಷಿಸಿಕೊಳ್ಳುವವರು ಒಂದು ಕ್ಷಣ ಗಮನಿಸಬೇಕು: ಆ ನೀರು ಇನ್ನೂ ಬೆಟ್ಟವನ್ನು ಕೊರೆಯುತ್ತಲೇ ಇದೆ. ಬೆಟ್ಟದ ಸೃಷ್ಟಿಕಾರ್ಯ ಇನ್ನೂ ಮುಗಿದಿಲ್ಲ.

ಮಲೆನಾಡು, ಬಯಲುಸೀಮೆಗಳ ಗಡಿ

ಸುಮಾರು ೯ ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ದ್ವೀಪವು ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಟ್ಟಿತು. ಪಶ್ಚಿಮ ಘಟ್ಟಗಳ ಎತ್ತರದ ಅಂಚು ರೂಪುಗೊಳ್ಳಲು ಈ ಒಡಕು ಮುಖ್ಯ ಕಾರಣಗಳಲ್ಲೊಂದು. ಆ ಅಂಚಿಗೂ ಅದರ ಪೂರ್ವಕ್ಕಿರುವ ಚಂದ್ರದ್ರೋಣಕ್ಕೂ ಮುಂಗಾರಿನ ಮೋಡಗಳು ತಾಗಿ ಮಳೆಯನ್ನೆಲ್ಲ ಪಡುವಣದಲ್ಲಿಯೇ ಸುರಿಸಿಬಿಡುತ್ತವೆ. ಬೆಟ್ಟದ ಮೇಲೆ ಧಾರಾಕಾರವಾಗಿ ಸುರಿಯುವ ಮಳೆ ಕಡೂರಿಗೆ ಬರುವಷ್ಟರಲ್ಲಿ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿಗೆ ಇಳಿದಿರುತ್ತದೆ. ತರೀಕೆರೆಯ ಅಡಿಕೆ ತೋಟ, ಕಡೂರಿನ ರಾಗಿ ತೆಂಗುಗಳು, ಅಜ್ಜಂಪುರದ ಈರುಳ್ಳಿಯ ಹೊಲ ಮತ್ತು ಅಮೃತಮಹಲ್ ದನಗಳ ಹುಲ್ಲುಗಾವಲು ಇವು ಕೆಲವೇ ಮೈಲಿಗಳ ಅಂತರದಲ್ಲಿ ಬೇರೆ ಬೇರೆಯಾಗಿರುವುದರ ಗುಟ್ಟು ಈ ಬೆಟ್ಟದಲ್ಲಿಯೇ ಇದೆ.

ನೀರಿನ ಹಾದಿಯನ್ನೂ ಬೆಟ್ಟವೇ ನಿಶ್ಚಯಿಸಿತು. ಪಡುವಣದ ನೀರು ಭದ್ರೆಗೆ ಸೇರಿ, ಲಕ್ಕವಳ್ಳಿಯ ಜಲಾಶಯವನ್ನು ತುಂಬಿ, ಕೂಡಲಿಯಲ್ಲಿ ತುಂಗೆಯನ್ನು ಕೂಡುತ್ತದೆ. ಮೂಡಣದ ವೇದಾ ಎಂಬ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆಯನ್ನೂ, ಅವತಿ ಎಂಬುದು ಮದಗದ ಕೆರೆಯನ್ನೂ ತುಂಬಿ, ಎರಡೂ ಕಡೂರಿನ ಸಮೀಪ ಕೂಡಿ ವೇದಾವತಿಯಾಗುತ್ತವೆ. ವೇದಾವತಿಗೆ ಹಿರಿಯೂರಿನ ಬಳಿ ೧೯೦೭ರಲ್ಲಿ ವಾಣಿವಿಲಾಸ ಸಾಗರದ ಕಟ್ಟೆ ಪೂರ್ಣವಾಯಿತು. ಮುಂದೆ ಹಗರಿ ಎಂಬ ಹೆಸರಿನಿಂದ ಹರಿದು ಬಳ್ಳಾರಿಯ ಸೀಮೆಯಲ್ಲಿ ಅದೂ ತುಂಗಭದ್ರೆಯನ್ನೇ ಸೇರುತ್ತದೆ. ಒಂದೇ ಬೆಟ್ಟದಲ್ಲಿ ಅಗಲಿದ ನೀರು ನೂರಾರು ಮೈಲಿ ಸುತ್ತಿ ಪುನಃ ಒಂದಾಗುತ್ತದೆ! ಅಗಲಿಕೆಯ ಈ ದಿಣ್ಣೆಯನ್ನು ಅಜ್ಜಂಪುರದ ಬಳಿ ಸುಮಾರು ೭ ಕಿಲೋಮೀಟರ್ ಸುರಂಗದಿಂದ ಕೊರೆದು, ಭದ್ರೆಯ ನೀರನ್ನು ಮೂಡಣಕ್ಕೆ ಕೊಂಡೊಯ್ಯುವುದೇ ಭದ್ರಾ ಮೇಲ್ದಂಡೆ ಯೋಜನೆ. ೧೯೩೩ರ ತರುವಾಯ ಕೋಡಿ ಬೀಳದಿದ್ದ ವಾಣಿವಿಲಾಸ ಸಾಗರವು ೨೦೨೨ರಲ್ಲಿ ಕೋಡಿ ಬಿದ್ದುದಕ್ಕೆ ಆ ವರ್ಷದ ಭಾರಿ ಮಳೆಯೊಡನೆ ಈ ನೀರೂ ನೆರವಾಯಿತು.

ಕಾಲದ ಲೆಕ್ಕ

ಕೋಟಿ ವರ್ಷಗಳ ಲೆಕ್ಕ ನಮ್ಮ ಊಹೆಗೆ ನಿಲುಕದು. ಒಂದು ಕೋಟಿ ವರ್ಷವನ್ನು ಒಂದು ವರ್ಷವೆಂದು ಭಾವಿಸೋಣ. ಆಗ ಬೆಟ್ಟದ ಪಟ್ಟೆಕಲ್ಲು ೨೭೨ ವರ್ಷಗಳ ಹಿಂದಿನದು. ಮಡಗಾಸ್ಕರ್ ಅಗಲಿದ್ದು ೯ ವರ್ಷಗಳ ಹಿಂದೆ. ಮನುಷ್ಯ ಕುಲ ಹುಟ್ಟಿದ್ದು ೧೧ ದಿನಗಳ ಹಿಂದೆ. ತರೀಕೆರೆಯ ಬಳಿ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಹೊಯ್ಸಳರ ಕಾಲದಲ್ಲಿ, ೧೧೯೬ರಲ್ಲಿ, ಬಳಪದ ಕಲ್ಲಿನಿಂದ ಕಟ್ಟಿದ್ದು ಮುಕ್ಕಾಲು ಗಂಟೆಯ ಹಿಂದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಉತ್ಪಾದನೆಯನ್ನಾರಂಭಿಸಿ, ಕೆಮ್ಮಣ್ಣುಗುಂಡಿಯ ಅದಿರು ಹಗ್ಗದ ತೊಟ್ಟಿಲುಗಳಲ್ಲಿ ಬೆಟ್ಟವಿಳಿಯತೊಡಗಿದ್ದು ಕೇವಲ ಐದು ನಿಮಿಷಗಳ ಹಿಂದೆ.

ಆ ಐದು ನಿಮಿಷಗಳಲ್ಲಿ ಮನುಷ್ಯನು ಮಾಡಿದ್ದು ಅಲ್ಪವಲ್ಲ. ಕಬ್ಬಿಣದಿಂದ ನಾಡಿಗೆ ಕೆಲಸ ದೊರೆಯಿತು, ಊರುಗಳು ಬೆಳೆದವು; ಇದನ್ನು ಅಲ್ಲಗಳೆಯಲಾಗದು. ಆದರೆ ಅಗೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ನಮ್ಮ ಜಿಲ್ಲೆಯ ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ೨೦೦೫ರ ಅಂತ್ಯಕ್ಕೆ ಕಬ್ಬಿಣದ ಗಣಿಗಾರಿಕೆ ನಿಂತದ್ದು ಈ ಅರಿವಿನಿಂದಲೇ. ಬೆಟ್ಟದ ನೆತ್ತಿಯ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡುಗಳು ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಅವು ಬೋಳಾದರೆ ಕೆಳಗಿನ ಕೆರೆಗಳಿಗೆ ನೀರಿಗಿಂತ ಹೂಳೇ ಹೆಚ್ಚಾಗಿ ಬರುತ್ತದೆ.

ನಮ್ಮ ಮನೆಬಾಗಿಲಿನ ಮಾತು

ಗಣಿಯ ಮಾತು ದೊಡ್ಡವರದೆಂದು ಬಿಟ್ಟರೂ ಹೊಲದ ಮಾತು ನಮ್ಮದೇ. ನಮ್ಮ ಪ್ರಸ್ಥಭೂಮಿಯ ಬಂಡೆಯು ಸಹಜವಾಗಿ ಸವೆದು ಮಣ್ಣಾಗುವ ವೇಗ ಸಾವಿರ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಎಂದರೆ ಒಂದು ಮಿಲಿಮೀಟರ್ ಮಣ್ಣಿಗೆ ನೂರು ವರ್ಷ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನಾಲ್ಕು ಘನಮೀಟರ್, ಒಂದೆರಡು ಟ್ರ್ಯಾಕ್ಟರ್ ಮಣ್ಣು. ಬದುವಿಲ್ಲದ ಇಳಿಜಾರು ಹೊಲವನ್ನು ಬರಿದಾಗಿ ಬಿಟ್ಟರೆ, ಮುಂಗಾರಿನ ಕೆಲವು ಹದಗೆಟ್ಟ ಮಳೆಗಳು ಅಷ್ಟು ಮಣ್ಣನ್ನು ಕೊಚ್ಚಿಕೊಂಡು ಹೋಗಬಲ್ಲವು. ತಾತ ಮುತ್ತಾತಂದಿರ ಕಾಲವೆಲ್ಲ ಕೂಡಿ ಉಂಟಾದುದು ಒಂದು ಮಳೆಗಾಲದಲ್ಲಿ ಹಳ್ಳ ಸೇರುತ್ತದೆ.

ನೀರಿನ ವಿಷಯವೂ ಹೀಗೆಯೇ. ನಮ್ಮ ಗಟ್ಟಿಕಲ್ಲಿನೊಳಗೆ ನೀರು ನಿಲ್ಲಲು ಸ್ಥಳವಿಲ್ಲ. ಮೇಲೆ ಸವೆದು ಸಡಿಲವಾದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ ಅದು ತಂಗುತ್ತದೆ. ಹಿಂದಿನವರ ತೆರೆದ ಬಾವಿಗಳು ಆ ಸಡಿಲ ಪದರದ ನೀರನ್ನು ಬಳಸುತ್ತಿದ್ದವು. ಕೆರೆಗಳು ಅದನ್ನು ಮತ್ತೆ ತುಂಬುತ್ತಿದ್ದವು. ಇಂದು ಕೊಳವೆ ಬಾವಿಗಳು ನೂರಾರು ಅಡಿ ಇಳಿದು ಬಿರುಕಿನ ನೀರನ್ನು ಎಳೆಯುತ್ತಿವೆ. ತುಂಬುವ ದಾರಿಯನ್ನು ಮುಚ್ಚಿ ತೆಗೆಯುವ ದಾರಿಯನ್ನಷ್ಟೇ ಆಳಗೊಳಿಸಿದರೆ ಬರಿಯ ಸಾಲವೇ ಉಳಿಯುವುದು.

ಇದಕ್ಕೆ ಪರಿಹಾರ ನಮ್ಮ ಹಿರಿಯರಿಗೆ ತಿಳಿದಿತ್ತು. ಹೊಲಕ್ಕೆ ಬದು ಹಾಕುವುದು, ಬದುವಿನ ಮೇಲೆ ಹುಲ್ಲು ಬೆಳೆಸುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು, ಊರ ಕೆರೆಗೆ ನೀರು ತರುವ ಕಾಲುವೆಯನ್ನು ಒತ್ತುವರಿಯಾಗದಂತೆ ಕಾಯುವುದು, ಬೇಸಗೆಯಲ್ಲಿ ಕೆರೆಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ಇವೆಲ್ಲ ಒಂದೊಂದು ಮನೆಯಿಂದಲೂ ಆಗುವ ಕೆಲಸಗಳು. ಗೋಡು ಹೊಡೆಯುವುದರಿಂದ ಬೆಟ್ಟದಿಂದ ಇಳಿದು ಬಂದ ಮಣ್ಣು ಮರಳಿ ಭೂಮಿಗೆ ಸೇರುತ್ತದೆ, ಕೆರೆಯ ಹೊಟ್ಟೆಯೂ ದೊಡ್ಡದಾಗುತ್ತದೆ.

ಬೆಟ್ಟ ಸವೆಯುವುದನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಅದು ಸವೆದುದರಿಂದಲೇ ನಮಗೆ ಅನ್ನ ಬೆಳೆಯುವ ಮಣ್ಣು ದೊರೆಯಿತು. ಅಷ್ಟು ನಿಧಾನವಾಗಿ ದೊರೆತುದನ್ನು ಇಷ್ಟು ಅವಸರದಿಂದ ಕಳೆಯದೆ, ಮುಂದಿನವರ ಕೈಗೆ ಒಪ್ಪಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಈ ಬೇಸಗೆಯಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಹೊಲದ ಒಂದು ಬದುವನ್ನಾದರೂ ಸರಿಪಡಿಸಲಿ.