ದೀಪ ಆರಿದೆ, ಮೊಬೈಲು ಆರಿಲ್ಲ!

ಮೈಸೂರು: ಹಾಸ್ಟೆಲ್ ಕೋಣೆಯಲ್ಲಿ ನಡುರಾತ್ರಿ ದೀಪ ಉರಿದರೆ ಪರೀಕ್ಷೆ ಹತ್ತಿರ ಬಂತು ಎಂದರ್ಥವಿದ್ದ ಕಾಲವೊಂದಿತ್ತು. ಈಗ ದೀಪ ಆರಿರುತ್ತದೆ. ಹೊದಿಕೆಯೊಳಗೆ ಮೊಬೈಲು ಬೆಳಗುತ್ತಿರುತ್ತದೆ. "ಇದೊಂದು ನೋಡಿ ಮಲಗ್ತೀನಿ ಕಣೋ" ಅನ್ನುವಷ್ಟರಲ್ಲಿ ಗಂಟೆ ಎರಡು. ಬೆಳಗಿನ ಪಾಠಕ್ಕೆ ಹೋದರೆ ಆಕಳಿಕೆ, ಹೋಗದಿದ್ದರೆ ಹಾಜರಾತಿಗೆ ಕತ್ತರಿ.

"ಆ ಹಾಳು ಫೋನ್ ಇಸ್ಕೊಂಡು ಇಟ್ಕೊಳ್ಳಿ ಸಾರ್" ಎಂದು ವಾರ್ಡನ್ನರಿಗೆ ಹೇಳುವ ಹೆತ್ತವರಿದ್ದಾರೆ. ಇಸ್ಕೊಂಡರೆ ಓದು ನಡೆಯುವುದು ಹೇಗೆ? 2020ರ ಲಾಕ್‌ಡೌನಿನಲ್ಲಿ ಪಾಠ ನಡೆದದ್ದೇ ಅದರಲ್ಲಿ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದವರು ನಮ್ಮ ಮಲೆನಾಡಿನ ಮಕ್ಕಳೇ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಕೊಳ್ಳಲು ಕಾಸಿಲ್ಲದ ಪುಸ್ತಕ ಎಲ್ಲಾ ಈಗ ಅಲ್ಲೇ.

ನೆರೆಯ ಕೇರಳದಲ್ಲಿ ಈ ಜಗಳ ಕೋರ್ಟಿಗೇ ಹೋಯಿತು. ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಒಪ್ಪಿಸಬೇಕೆಂಬ ನಿಯಮಕ್ಕೆ ಬಗ್ಗದ ವಿದ್ಯಾರ್ಥಿನಿಯೊಬ್ಬಳನ್ನು ಹಾಸ್ಟೆಲಿನಿಂದ ಹೊರಹಾಕಲಾಗಿತ್ತು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿಗೆ ಸೇರಿದ್ದು ಎಂದ ಹೈಕೋರ್ಟ್, 2019ರ ಸೆಪ್ಟೆಂಬರಿನಲ್ಲಿ ಆಕೆಯನ್ನು ಮತ್ತೆ ಸೇರಿಸಿಕೊಳ್ಳುವಂತೆ ಆದೇಶಿಸಿತು.

ಹಾಗಂತ ಕಾಯಿಲೆ ಸುಳ್ಳಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ 'ಶಟ್' ಎಂಬ ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿಡಿಯೋ ಗೇಮಿನ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. ರಾತ್ರಿ ಹೊತ್ತು ಪರದೆಯ ಬೆಳಕು ಕಣ್ಣಿಗೆ ಬಿದ್ದರೆ, ನಿದ್ದೆಯ ಹೊತ್ತಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಕಡಿಮೆಯಾಗುತ್ತದೆ. ನಿದ್ದೆಗೆಟ್ಟರೆ ಓದಿದ್ದು ತಲೆಯಲ್ಲಿ ನಿಲ್ಲದು, ಸಿಡುಕು ಬೇರೆ.

ಇನ್ನೊಂದು ಮಾತು. ಕೆಲವರನ್ನು ಫೋನಿನತ್ತ ತಳ್ಳುವುದೇ ಒಂಟಿತನ, ಮನೆಯ ಸಾಲದ ಚಿಂತೆ, ಇಂಗ್ಲಿಷ್ ಪಾಠದ ಭಯ. ಫೋನ್ ಕಿತ್ತುಕೊಂಡರೆ ಇವೂ ಹೋಗುತ್ತವೆಯೇ?

ಬೇಕಿರುವುದು ದಂಡವಲ್ಲ, ಕೇಳುವ ಕಿವಿ. ಮಲಗುವಾಗ ಮೊಬೈಲನ್ನು ಹಾಸಿಗೆಯಿಂದ ದೂರ ಚಾರ್ಜಿಗೆ ಹಾಕುವುದನ್ನು ಹುಡುಗರು ತಾವೇ ರೂಢಿಸಿಕೊಳ್ಳಲಿ. ವಾರಕ್ಕೊಮ್ಮೆಯಾದರೂ ಆಪ್ತಸಲಹೆಗಾರರು ಹಾಸ್ಟೆಲಿಗೇ ಬರಲಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ 14416 ಇದೆ. ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಷ್ಟು ಹಾಸ್ಟೆಲಿನ ನೋಟೀಸ್ ಬೋರ್ಡಿನಲ್ಲಿ ಈ ನಂಬರಿದೆ ಎಂಬುದನ್ನು ಸಂಬಂಧಪಟ್ಟವರು ಒಮ್ಮೆ ನೋಡಬಾರದೇ? ಮೆಸ್ ಬಾಕಿದಾರರ ಪಟ್ಟಿಯ ಪಕ್ಕದಲ್ಲಾದರೂ ಅದಕ್ಕೊಂದು ಜಾಗ ಸಿಗಲಿ.