ಮೋಟಾರು ಸೈಕಲ್ ಸೈಲೆನ್ಸರ್ ಮಾರ್ಪಾಡು: ಧ್ವನಿ, ಇಂಜಿನ್ ಸಾಮರ್ಥ್ಯ ಮತ್ತು ಕಾನೂನು ಕುರಿತು ಸಾರ್ವಜನಿಕರಿಗೆ ಮಾಹಿತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳಲ್ಲಿ ಮೋಟಾರು ಸೈಕಲ್ ಕೃಷಿಕರ, ವ್ಯಾಪಾರಸ್ಥರ, ನೌಕರರ ಹಾಗೂ ವಿದ್ಯಾರ್ಥಿಗಳ ನಿತ್ಯದ ವಾಹನವಾಗಿರುತ್ತದೆ. ವಾಹನದ ಧ್ವನಿಯು ಗಂಭೀರವಾಗಿ ಕೇಳಿಸಬೇಕು, ಆದರೆ ಇಂಜಿನ್ನಿನ ಸಾಮರ್ಥ್ಯ ಕುಂದಬಾರದು ಎಂಬ ಅಪೇಕ್ಷೆಯಿಂದ ಕೆಲವು ಮಾಲೀಕರು ಸೈಲೆನ್ಸರ್ ಬದಲಾಯಿಸಲು ಮುಂದಾಗುತ್ತಾರೆ. ಇದು ಎಷ್ಟರಮಟ್ಟಿಗೆ ಸಾಧ್ಯ, ಕಾನೂನಿನಲ್ಲಿ ಯಾವುದಕ್ಕೆ ಅವಕಾಶವಿದೆ ಮತ್ತು ನೋಂದಣಿ ಸಂಬಂಧಿತ ಸೇವೆಗಳಿಗೆ ಅರ್ಜಿ ಸಲ್ಲಿಸುವವರು ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಸೈಲೆನ್ಸರ್ ನಿರ್ವಹಿಸುವ ಕೆಲಸ

ಇಂಜಿನ್ನಿನೊಳಗೆ ಇಂಧನ ಉರಿದ ನಂತರ ಹೊಗೆಯು ಹೆಚ್ಚಿನ ಒತ್ತಡದೊಂದಿಗೆ ಹೊರನುಗ್ಗುತ್ತದೆ. ಒಂದು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಬಾರಿ ಹೀಗೆ ಹೊಗೆಯನ್ನು ಹೊರದೂಡುತ್ತದೆ. ಸೈಲೆನ್ಸರಿನೊಳಗಿನ ಕೋಣೆಗಳು, ತಡೆಗಳು ಮತ್ತು ರಂಧ್ರವುಳ್ಳ ಕೊಳವೆಗಳು ಈ ಒತ್ತಡದ ಅಲೆಗಳನ್ನು ಹಿಗ್ಗಿಸಿ, ಒಂದಕ್ಕೊಂದು ಎದುರಾಗುವಂತೆ ಮಾಡಿ ಶಬ್ದವನ್ನು ತಗ್ಗಿಸುತ್ತವೆ. ಕೆಲವು ಸೈಲೆನ್ಸರುಗಳಲ್ಲಿ ಶಬ್ದವನ್ನು ಹೀರಿಕೊಳ್ಳುವ ನಾರಿನ ಪದರವೂ ಇರುತ್ತದೆ.

ಶಬ್ದ ತಗ್ಗಿಸುವುದಷ್ಟೇ ಇದರ ಕೆಲಸವಲ್ಲ. ಹೊಗೆಯ ಅಲೆಯು ಕೊಳವೆಯ ಅಗಲವಾದ ಭಾಗವನ್ನು ತಲುಪಿದಾಗ ಅದರ ಒಂದಂಶವು ಕಡಿಮೆ ಒತ್ತಡದ ಅಲೆಯಾಗಿ ಇಂಜಿನ್ನಿನತ್ತ ಹಿಂದಿರುಗುತ್ತದೆ. ಅದು ತಕ್ಕ ಸಮಯಕ್ಕೆ ವಾಲ್ವನ್ನು ಮುಟ್ಟಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಸೆಳೆದು ಹೊಸ ಮಿಶ್ರಣಕ್ಕೆ ಎಡೆ ಮಾಡಿಕೊಡುತ್ತದೆ. ಆದುದರಿಂದ ಕೊಳವೆಯ ಉದ್ದ ಮತ್ತು ವ್ಯಾಸಗಳನ್ನು ತಯಾರಕರು ಆಯಾ ಇಂಜಿನ್ನಿಗೆ ಹೊಂದುವಂತೆ ನಿಗದಿಪಡಿಸಿರುತ್ತಾರೆ. ಸೈಲೆನ್ಸರ್ ಇಂಜಿನ್ನಿನದೇ ಒಂದು ಅಂಗವೆಂದು ತಿಳಿಯತಕ್ಕದ್ದು.

2. ಹೆಚ್ಚು ಶಬ್ದವಿದ್ದರೆ ಹೆಚ್ಚು ಶಕ್ತಿಯೇ?

ಒಳತಡೆಗಳನ್ನು ತೆಗೆದರೆ ಅಥವಾ ಸೈಲೆನ್ಸರಿಗೆ ರಂಧ್ರ ಕೊರೆದರೆ ಶಬ್ದ ಹೆಚ್ಚುತ್ತದೆ. ಶಕ್ತಿ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಲೆಗಳ ಹೊಂದಾಣಿಕೆ ತಪ್ಪುವುದರಿಂದ ಕಡಿಮೆ ಹಾಗೂ ಮಧ್ಯಮ ವೇಗದಲ್ಲಿ, ಅಂದರೆ ಪೇಟೆ ಮತ್ತು ಹಳ್ಳಿಯ ರಸ್ತೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ವೇಗದಲ್ಲಿ, ಎಳೆತ ಕುಗ್ಗುವ ಸಂಭವವಿರುತ್ತದೆ. ಕಾರ್ಬೊರೇಟರ್ ಇರುವ ವಾಹನಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯ ಪ್ರಮಾಣವೂ ವ್ಯತ್ಯಾಸವಾಗಬಹುದು. ಪೆಟ್ರೋಲಿನ ಅಂಶ ಕಡಿಮೆಯಾದಲ್ಲಿ ಇಂಜಿನ್ ಅತಿಯಾಗಿ ಬಿಸಿಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿತ ಕೇಳಿಬರುತ್ತದೆ ಮತ್ತು ಕಾಲಕ್ರಮದಲ್ಲಿ ವಾಲ್ವ್ ಸುಡುವ ಸಾಧ್ಯತೆಯಿದೆ.

ಎರಡು ಸ್ಟ್ರೋಕ್ ವಾಹನಗಳಲ್ಲಿ ಈ ಹೊಂದಾಣಿಕೆಯು ಇನ್ನೂ ಸೂಕ್ಷ್ಮವಾದುದು. ಅವುಗಳಲ್ಲಿ ಸೈಲೆನ್ಸರಿನಿಂದ ಹಿಂದಿರುಗುವ ಅಲೆಯೇ ಹೊರಹೋಗುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ.

ಧ್ವನಿಯ ಗಾಂಭೀರ್ಯವು ಬಹುಮಟ್ಟಿಗೆ ಇಂಜಿನ್ನಿನ ಗಾತ್ರ, ಸಿಲಿಂಡರುಗಳ ಸಂಖ್ಯೆ ಮತ್ತು ಸುತ್ತಿನ ವೇಗವನ್ನು ಅವಲಂಬಿಸಿರುತ್ತದೆ. ದೊಡ್ಡ ಇಂಜಿನ್ ನಿಧಾನ ಸುತ್ತಿನಲ್ಲಿ ಕೊಡುವ ಬಿಡಿಬಿಡಿ ಬಡಿತವನ್ನು 100 ಸಿ.ಸಿ. ವಾಹನಕ್ಕೆ ಕೇವಲ ಸೈಲೆನ್ಸರ್ ಬದಲಾಯಿಸಿ ತರಲಾಗುವುದಿಲ್ಲ. ಬರುವುದು ಕರ್ಕಶ ಶಬ್ದ ಮಾತ್ರ.

3. ಬಿ.ಎಸ್.-6 ವಾಹನಗಳು

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ವಾಹನಗಳಲ್ಲಿ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಇಂಧನದ ಪ್ರಮಾಣ ನಿರ್ಧರಿಸಲು ನೆರವಾಗುವ ಆಮ್ಲಜನಕ ಸಂವೇದಕವು ಹೊಗೆ ಕೊಳವೆಯ ಮಾರ್ಗದಲ್ಲಿಯೇ ಇರುತ್ತವೆ. ಸೈಲೆನ್ಸರ್ ಕತ್ತರಿಸುವಾಗ ಇವು ತೆಗೆದುಹೋದರೆ ಅಥವಾ ಹಾನಿಗೊಂಡರೆ ಇಂಧನ ಬಳಕೆ ಏರುಪೇರಾಗುತ್ತದೆ ಮತ್ತು ವಾಹನವು ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣಗೊಳ್ಳಬಹುದು.

4. ಕಾನೂನಿನ ನಿಬಂಧನೆಗಳು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 120ರ ಪ್ರಕಾರ ಪ್ರತಿಯೊಂದು ಮೋಟಾರು ವಾಹನಕ್ಕೆ ಶಬ್ದ ತಗ್ಗಿಸುವ ಸೈಲೆನ್ಸರ್ ಅಳವಡಿಸಿರತಕ್ಕದ್ದು. ತಯಾರಿಕಾ ಹಂತದಲ್ಲಿ ದ್ವಿಚಕ್ರ ವಾಹನಗಳಿಗೆ 2005ರ ಏಪ್ರಿಲ್ 1ರಿಂದ ಜಾರಿಯಾದ ಶಬ್ದದ ಮಿತಿಗಳು ಈ ಕೆಳಕಂಡಂತಿವೆ:

80 ಸಿ.ಸಿ. ವರೆಗೆ – 75 ಡೆಸಿಬಲ್
80 ಸಿ.ಸಿ.ಗಿಂತ ಹೆಚ್ಚು, 175 ಸಿ.ಸಿ. ವರೆಗೆ – 77 ಡೆಸಿಬಲ್
175 ಸಿ.ಸಿ.ಗಿಂತ ಹೆಚ್ಚು – 80 ಡೆಸಿಬಲ್

ಡೆಸಿಬಲ್ ಲೆಕ್ಕದಲ್ಲಿ 10ರಷ್ಟು ಏರಿಕೆಯೆಂದರೆ ಶಬ್ದದ ಶಕ್ತಿ 10 ಪಟ್ಟು ಹೆಚ್ಚಾದಂತೆ. ಆದುದರಿಂದ ಅಂಕಿಯಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸವು ಕಿವಿಗೆ ಸಣ್ಣದಾಗಿರುವುದಿಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182-ಎ ಅನ್ವಯ, ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಶಬ್ದ ಮತ್ತು ವಾಯುಮಾಲಿನ್ಯ ಮಾನದಂಡಗಳನ್ನು ಉಲ್ಲಂಘಿಸಿ ವಾಹನ ಚಲಾಯಿಸಿದಲ್ಲಿ ಕಲಂ 190(2)ರ ಅನ್ವಯ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗೆ ಕಾರಾವಾಸ ಅಥವಾ 10,000 ರೂ. ವರೆಗೆ ದಂಡ ಅಥವಾ ಇವೆರಡರ ಜೊತೆಗೆ, ಚಾಲನಾ ಪರವಾನಗಿಗೆ ಮೂರು ತಿಂಗಳ ಅನರ್ಹತೆ ಉಂಟಾಗುತ್ತದೆ.

5. ಸಾರ್ವಜನಿಕರ ನೆಮ್ಮದಿ

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯಿದೆ. ಆಸ್ಪತ್ರೆ, ಶಾಲಾ-ಕಾಲೇಜು ಮತ್ತು ನ್ಯಾಯಾಲಯಗಳ ಸುತ್ತ ಘೋಷಿಸಲಾಗುವ ನಿಶ್ಶಬ್ದ ವಲಯಗಳಲ್ಲಿ ಈ ಮಿತಿ ಕ್ರಮವಾಗಿ 50 ಮತ್ತು 40 ಡೆಸಿಬಲ್ ಆಗಿರುತ್ತದೆ. ರಾತ್ರಿ ವೇಳೆ ಆಸ್ಪತ್ರೆಯ ಮುಂದೆ ಹಾದುಹೋಗುವ ಒಂದೇ ಒಂದು ಸೈಲೆನ್ಸರ್ ಕಳಚಿದ ವಾಹನವು ಇಡೀ ವಾರ್ಡಿನ ರೋಗಿಗಳ ನಿದ್ರೆ ಕೆಡಿಸಬಲ್ಲದು. ಪರೀಕ್ಷೆಗೆ ಓದುವ ಮಕ್ಕಳು, ಹಸುಗೂಸುಗಳು ಮತ್ತು ವೃದ್ಧರಿಗೂ ಇದರಿಂದ ತೊಂದರೆ ತಪ್ಪಿದ್ದಲ್ಲ. ದೀರ್ಘಕಾಲ ಇಂತಹ ವಾಹನ ಚಲಾಯಿಸುವವರ ಶ್ರವಣಶಕ್ತಿಯೂ ಕುಂದುವ ಅಪಾಯವಿದೆ.

6. ನಿಯಮದೊಳಗೆ ಉತ್ತಮ ಧ್ವನಿ ಪಡೆಯುವ ಕ್ರಮ

ವಾಹನದ ಧ್ವನಿ ಒಡೆದಂತಾಗಲು ಅನೇಕ ವೇಳೆ ನಿರ್ವಹಣೆಯ ಕೊರತೆಯೇ ಕಾರಣವಾಗಿರುತ್ತದೆ. ಮಾಲೀಕರು ಕೆಳಕಂಡ ಅಂಶಗಳನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ:

• ಇಂಜಿನ್ ಮತ್ತು ಹೊಗೆ ಕೊಳವೆ ಸೇರುವಲ್ಲಿನ ಗ್ಯಾಸ್ಕೆಟ್ ಸೋರುತ್ತಿದ್ದರೆ ಬದಲಾಯಿಸುವುದು. ಸಡಿಲವಾದ ನಟ್ಟು ಬೋಲ್ಟುಗಳನ್ನು ಬಿಗಿಗೊಳಿಸುವುದು.
• ಅತಿ ಕಡಿಮೆ ದೂರದ ಓಡಾಟದಲ್ಲಿ ಸೈಲೆನ್ಸರಿನೊಳಗೆ ನೀರಿನಂಶ ಉಳಿದು ತುಕ್ಕು ಹಿಡಿಯುತ್ತದೆ. ತೂತು ಬಿದ್ದಿದ್ದರೆ ಅದೇ ಮಾದರಿಗೆ ತಯಾರಕರು ನಿಗದಿಪಡಿಸಿದ ಸೈಲೆನ್ಸರನ್ನೇ ಅಳವಡಿಸುವುದು.
• ವಾಲ್ವ್ ಅಂತರ, ಸ್ಪಾರ್ಕ್ ಪ್ಲಗ್ ಮತ್ತು ನಿಷ್ಕ್ರಿಯ ವೇಗವನ್ನು ಕೈಪಿಡಿಯಂತೆ ಸರಿಪಡಿಸುವುದು.
• ಗಂಗಾವತಿ ಭಾಗದ ಭತ್ತದ ಸುಗ್ಗಿಯ ಧೂಳಿನಲ್ಲಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಮಣ್ಣಿನ ರಸ್ತೆಗಳಲ್ಲಿ ಓಡಾಡುವ ವಾಹನಗಳ ಏರ್ ಫಿಲ್ಟರನ್ನು ಹೆಚ್ಚು ಬಾರಿ ಸ್ವಚ್ಛಗೊಳಿಸುವುದು.
• ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡನ್ನು ತೆಗೆಯದಿರುವುದು. ಬಿಸಿ ಕೊಳವೆಗೆ ಕಾಲು ತಗುಲಿದರೆ ಸುಟ್ಟಗಾಯವಾಗುತ್ತದೆ. ಒಣಹುಲ್ಲು ಸಿಕ್ಕಿಕೊಂಡರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಬೇರೆ ಸೈಲೆನ್ಸರ್ ಬಯಸುವವರು ಅದು ತಮ್ಮ ವಾಹನದ ಮಾದರಿಗೆ ಅನುಮೋದನೆ ಪಡೆದಿರುವುದೇ ಎಂಬುದನ್ನು ಅಧಿಕೃತ ಮಾರಾಟಗಾರರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಅಂಗಡಿಯಲ್ಲಿ ಮಾರಾಟಕ್ಕಿದೆ ಎಂಬ ಮಾತ್ರಕ್ಕೆ ರಸ್ತೆಯಲ್ಲಿ ಬಳಸಲು ಅನುಮತಿಯಿದೆ ಎಂದರ್ಥವಲ್ಲ.

7. ಅರ್ಜಿದಾರರ ಗಮನಕ್ಕೆ

ನೋಂದಣಿಯಾಗಿ 15 ವರ್ಷ ಪೂರೈಸುವ ವಾಹನಗಳ ನೋಂದಣಿ ನವೀಕರಣಕ್ಕೆ, ಅವಧಿ ಮುಗಿಯುವ ಮುನ್ನಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ. ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕಾಗಿರುವುದರಿಂದ ಮೂಲ ಸೈಲೆನ್ಸರನ್ನು ಮೊದಲೇ ಮರಳಿ ಅಳವಡಿಸಿಕೊಳ್ಳತಕ್ಕದ್ದು. ಹಳೆಯ ವಾಹನ ಖರೀದಿಸುವವರು ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಮಾಡುವ ಮುನ್ನ ಸೈಲೆನ್ಸರನ್ನು ಪರೀಕ್ಷಿಸುವುದು ಒಳಿತು. ವರ್ಗಾವಣೆಯಾದ ನಂತರ ಅದರ ಹೊಣೆ ಹೊಸ ಮಾಲೀಕರದ್ದಾಗಿರುತ್ತದೆ. ಹೊಗೆ ತಪಾಸಣಾ ಪ್ರಮಾಣಪತ್ರವು ಬಿ.ಎಸ್.-4 ಮತ್ತು ಬಿ.ಎಸ್.-6 ವಾಹನಗಳಿಗೆ ಒಂದು ವರ್ಷ, ಅದಕ್ಕೂ ಹಿಂದಿನ ವಾಹನಗಳಿಗೆ ಆರು ತಿಂಗಳು ಊರ್ಜಿತವಾಗಿರುತ್ತದೆ. ಇದು ಹೊಗೆಗೆ ಸಂಬಂಧಿಸಿದ್ದೇ ಹೊರತು ಶಬ್ದಕ್ಕೆ ನೀಡಿದ ಅನುಮತಿಯಲ್ಲ.

ಸುಸ್ಥಿತಿಯಲ್ಲಿರುವ ಇಂಜಿನ್ ಮತ್ತು ಅದರ ಮೂಲ ಸೈಲೆನ್ಸರಿನಿಂದ ಬರುವ ಹದವಾದ ಧ್ವನಿಯೇ ಆ ವಾಹನದ ಸರಿಯಾದ ಧ್ವನಿ. ಈಗಾಗಲೇ ಸೈಲೆನ್ಸರ್ ಮಾರ್ಪಡಿಸಿಕೊಂಡಿರುವ ಮಾಲೀಕರು ಅದನ್ನು ಸ್ವಯಂಪ್ರೇರಿತರಾಗಿ ಸರಿಪಡಿಸಿಕೊಂಡು ಸಹಕರಿಸಬೇಕೆಂದು ಕೋರಲಾಗಿದೆ.