ಗೌರಿಬಿದನೂರಿನ ಆಕಾಶ ನಕ್ಷೆ ಇಂದಿಗೂ ಸಿಗುವುದು ಹೇಗೆ?

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಗೌರಿಬಿದನೂರಿನ ಬಯಲಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಲಾಗಿತ್ತು. ಪೂರ್ವ-ಪಶ್ಚಿಮದ ತೋಳಿನ ಉದ್ದವೇ ಸುಮಾರು 1.4 ಕಿ.ಮೀ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳ ಈ ರೇಡಿಯೊ ದೂರದರ್ಶಕ, ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್‌ನ ಕ್ಷೀಣ ಅಲೆಗಳನ್ನು ಹಿಡಿಯುತ್ತಿತ್ತು. ಅದರಿಂದ ತಯಾರಾದ ಆಕಾಶದ ನಕ್ಷೆಯನ್ನು ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು.

ನಕ್ಷೆ ಈಗಲೂ ಬಳಕೆಯಲ್ಲಿದೆ. ಅಮೆರಿಕದ ನಾಸಾ ನಡೆಸುವ ‘ಸ್ಕೈವ್ಯೂ’ ಸಂಗ್ರಹದಲ್ಲಿ ಅದು ಯಾರಿಗೆ ಬೇಕಾದರೂ ಸಿಗುತ್ತದೆ.

ಖಗೋಳಜ್ಞರು ಬಳಸುವ ‘ಫಿಟ್ಸ್’ ಎಂಬ ಕಡತ ಮಾದರಿ ಇಂಥ ಬಾಳಿಕೆಗೆ ದೊಡ್ಡ ಆಸರೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1982ರಲ್ಲಿ ಅದನ್ನು ಒಪ್ಪಿತು. ಕಡತದ ತಲೆಭಾಗದಲ್ಲಿ ಯಾವ ಉಪಕರಣ, ಯಾವ ದಿನ, ಯಾವ ಮಾನ ಎಂಬುದನ್ನು ಸರಳ ಅಕ್ಷರಗಳಲ್ಲೇ ಬರೆಯಬಹುದು. ಹಳೆಯ ಹಸ್ತಪ್ರತಿಗಳ ಚಿತ್ರಗಳನ್ನು ಕಾಪಾಡಲು ವ್ಯಾಟಿಕನ್ ಗ್ರಂಥಾಲಯವೂ ಇದನ್ನೇ ಆರಿಸಿಕೊಂಡಿತು.

ಆದರೆ ಕಡತವೊಂದಿದ್ದರೆ ಸಾಲದು, ಅದನ್ನು ತೆರೆದು ವಿವರಿಸುವವರೂ ಬೇಕು. ಇಸ್ರೊ ಇದಕ್ಕೆ ದಾರಿ ಮಾಡಿದೆ. 2015ರಲ್ಲಿ ಹಾರಿದ ಆಸ್ಟ್ರೊಸ್ಯಾಟ್, 2023ರಲ್ಲಿ ಹೊರಟ ಆದಿತ್ಯ-ಎಲ್1 ಎಂಬ ಎರಡೂ ಬಾಹ್ಯಾಕಾಶ ವೀಕ್ಷಣಾಲಯಗಳ ದತ್ತಾಂಶವನ್ನು ಬೆಂಗಳೂರು ಬಳಿಯ ಬ್ಯಾಲಾಳಿನ ಕೇಂದ್ರ ಕಾಪಿಡುತ್ತದೆ. ಅದನ್ನು ಬಳಸುವವರಿಗೆ ನೆರವಾಗಲು ಆಸ್ಟ್ರೊಸ್ಯಾಟ್‌ಗೆ ಪುಣೆಯಲ್ಲಿ, ಆದಿತ್ಯ-ಎಲ್1ಗೆ ಉತ್ತರಾಖಂಡದ ಹಲ್ದ್ವಾನಿಯಲ್ಲಿ ಸಹಾಯಕೇಂದ್ರಗಳಿವೆ. ದೊಡ್ಡ ಸಂಸ್ಥೆಯ ಬೆಂಬಲವಿಲ್ಲದ ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳು ಕೂಡ ಅಲ್ಲಿ ನೆರವು ಕೇಳಬಹುದು.

ನೆಲದ ಮೇಲಿನ ಸಂಶೋಧನೆಗೂ ಇಂಥ ಆಸರೆ ಬೇಕು. ಫ್ಲೋರೈಡ್ ಕಾಡುವ ಚಿಂತಾಮಣಿ ಸೀಮೆಯಲ್ಲಿ, ಅಂಬಾಜಿದುರ್ಗದ ತಪ್ಪಲಿನ ಕೊಳವೆಬಾವಿಗಳ ನೀರನ್ನು ವಿದ್ಯಾರ್ಥಿಯೊಬ್ಬಳು ಪರೀಕ್ಷಿಸುತ್ತಾಳೆ ಎಂದುಕೊಳ್ಳೋಣ. ಕೆಲಸ ಮುಗಿದ ಮೇಲಲ್ಲ, ಮೊದಲ ಬಾಟಲಿ ತುಂಬಿಸುವ ಮುನ್ನವೇ ಆಕೆ ಮಾರ್ಗದರ್ಶಕರನ್ನೂ ಕಾಲೇಜಿನ ಗ್ರಂಥಪಾಲಕರನ್ನೂ ಕಾಣಬೇಕು. ಕಡತಗಳಿಗೆ ಹೆಸರಿಡುವುದು ಹೇಗೆ, ಎರಡನೇ ಪ್ರತಿ ಎಲ್ಲಿರಬೇಕು, ಪದವಿ ಮುಗಿದ ಮೇಲೆ ಯಾರ ವಶಕ್ಕೆ ಕೊಡಬೇಕು ಎಂದು ಅವರೊಡನೆ ಕೂತು ತೀರ್ಮಾನಿಸಬೇಕು. ಬಾವಿಯ ಜಾಗ, ಆಳ, ತಾರೀಕು, ಅಳೆದ ವಿಧಾನ ಎಲ್ಲವೂ ಪಟ್ಟಿಯಲ್ಲಿರಬೇಕು. ಆಗ ಹತ್ತು ವರ್ಷದ ನಂತರ ಬರುವ ಮತ್ತೊಬ್ಬರು ಅದೇ ಬಾವಿಯನ್ನು ಹುಡುಕಿ, ಫ್ಲೋರೈಡ್ ಏರಿತೇ ಇಳಿಯಿತೇ ಎಂದು ಊರಿನವರಿಗೆ ಹೇಳಬಹುದು.